ಬಿಳಿ ಬೇಗಲ್

ಹದಿನೈದು ಕೆಜಿ ಮುನ್ನೂರು ಗ್ರಾಂ.

"ಇನ್ನೊಮ್ಮೆ ನೋಡ್ರಿ ಸಿಸ್ಟರ್," ಎಂದೆ. ಮಗಳು ಭಾಗ್ಯಾ ತೂಕದ ಯಂತ್ರದಿಂದ ಇಳಿದು, ಮತ್ತೆ ಹತ್ತಿ, ಈ ಸಲ ಎದೆ ತುಂಬ ಉಸಿರು ಎಳೆದುಕೊಂಡು ನಿಂತಳು. ಮುಳ್ಳು ಅಲ್ಲೇ ನಿಂತಿತು. ಬರುವ ದೀಪಾವಳಿಗೆ ಅವಳಿಗೆ ಒಂಬತ್ತು ತುಂಬುತ್ತದೆ. ಆರು ವರ್ಷದವಳಿದ್ದಾಗ ಹೊಲಿಸಿದ ಫ್ರಾಕು ಹೆಗಲಿನಿಂದ ಜಾರುತ್ತಿತ್ತು.

ಒಳಗೆ ಡಾಕ್ಟರು ಫೈಲು ತಿರುವಿ ಹಾಕಿದರು. ಜಯನಗರದ ಆ ಕ್ಲಿನಿಕ್ಕಿಗೆ ನಾವು ಬರುತ್ತಿದ್ದದ್ದು ಇದು ನಾಲ್ಕನೆಯ ಸಲ.

"ಶರಣಮ್ಮನೋರೇ, ಮೇ ತಿಂಗಳಲ್ಲಿ ಹದಿನೈದು ಆರುನೂರು ಇತ್ತು. ಗೋಧಿ ಬಿಡಿಸಿದ್ವಿ. ಜುಲೈಗೆ ಹದಿನೈದು ಒಂಬೈನೂರು ಆಯ್ತು. ಸರಿ ಹೋಗ್ತಿತ್ತಲ್ಲ? ಈಗ್ಯಾಕೆ ಇಳೀತು? ಬ್ಲಡ್ ರಿಪೋರ್ಟೂ ಚೆನ್ನಾಗಿಲ್ಲ. ಎಲ್ಲೋ ಗೋಧಿ ಹೋಗ್ತಾ ಇದೆ."

"ನಮ್ಮ ಮನ್ಯಾಗ ಗೋಧಿ ಅನ್ನೋದೇ ಇಲ್ರಿ ಸರ್. ದೇವ್ರಾಣೆ."

"ಬಿಸ್ಕೆಟ್ಟು? ಸ್ಕೂಲಲ್ಲಿ ಫ್ರೆಂಡ್ಸ್ ಡಬ್ಬಿ?"

ನಾನು ಭಾಗ್ಯಾಳ ಕಡೆ ನೋಡಿದೆ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಒಂದೂವರೆ ತಿಂಗಳು ನೋಡ್ತೀನಿ," ಎಂದರು ಡಾಕ್ಟರು. "ಅಷ್ಟರಲ್ಲಿ ತೂಕ ಇಳಿಯೋದು ನಿಲ್ಲಬೇಕು. ಇಲ್ಲಾಂದ್ರೆ ಅಡ್ಮಿಟ್ ಮಾಡಿ, ಮೂಗಿಂದ ಟ್ಯೂಬ್ ಹಾಕಿ ಊಟ ಕೊಡಬೇಕಾಗುತ್ತೆ. ಆಮೇಲೆ ಸ್ಟಿರಾಯ್ಡ್ ಶುರು ಮಾಡಬೇಕು. ಇಷ್ಟು ಚಿಕ್ಕ ಮಗೂಗೆ ಅದು ಬೇಡ ಅಂತ ನನಗೂ ಇದೆ."

ಭಾಗ್ಯಾಳ ಕೈ ತಾನಾಗಿಯೇ ಮೂಗಿಗೆ ಹೋಯಿತು.

ಎರಡು ವರ್ಷ ಅವಳಿಗೆ ಜಂತುಹುಳುವಿನ ಔಷಧ ಕುಡಿಸಿದ್ದೆವು. ಆಮೇಲೆ ಆರು ತಿಂಗಳು ಕ್ಷಯದ ಮಾತ್ರೆ. ಊರಿಗೆ ಹೋದಾಗ, ದೃಷ್ಟಿಯಾಗಿದೆ ಎಂದು ನಮ್ಮತ್ತೆ ಮೂರು ಸಲ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಕೊನೆಗೆ ೨೦೦೬ರ ಮೇ ತಿಂಗಳಲ್ಲಿ ಈ ಡಾಕ್ಟರು ಬಾಯಿಂದ ಹೊಟ್ಟೆಗೆ ನಳಿಗೆ ಇಳಿಸಿ ನೋಡಿ, ಅವಳ ಕರುಳಿಗೆ ಗೋಧಿ ಆಗುವುದಿಲ್ಲ, ಅದಕ್ಕೆ ಸೀಲಿಯಾಕ್ ಅನ್ನುತ್ತಾರೆ ಎಂದರು. ಚಪಾತಿ, ಬ್ರೆಡ್ಡು, ಶಾವಿಗೆ, ರವೆ ಉಪ್ಪಿಟ್ಟು ಎಲ್ಲ ಬಂದ್. ಒಂದು ಚೂರೂ ಒಳಗೆ ಹೋಗಬಾರದು. ಜೊತೆಗೆ ಪ್ರೋಟೀನ್ ಜಾಸ್ತಿ ಕೊಡಿ, ಮಗುವಿನ ಮೈಯಲ್ಲಿ ಮಾಂಸವೇ ಇಲ್ಲ ಎಂದರು.

ನಾನು ಅಂದೇ ಮನೆಯನ್ನು ಸೋಸಿದೆ. ಗೋಧಿ ಹಿಟ್ಟಿನ ಡಬ್ಬಿ, ರವೆ, ಬಿಸ್ಕೆಟ್ಟುಗಳನ್ನೆಲ್ಲ ಕೆಳಗಿನ ಮನೆಯ ಲತಾಮಣಿ ಆಂಟಿಗೆ ಕೊಟ್ಟೆ. ಅವರು ನಮ್ಮ ಮನೆ ಓನರು. ಇಂಗಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದಾಗ ಅದರಲ್ಲೂ ಗೋಧಿ ಹಿಟ್ಟು ಇರುವುದು ಗೊತ್ತಾಗಿ ಅದನ್ನೂ ಎಸೆದೆ. ಲಟ್ಟಣಿಗೆ, ಮಣೆ, ಜರಡಿ ಎಲ್ಲ ಹೊಸದು ತಂದೆ. ಇಷ್ಟು ಮಾಡಿದ ಮೇಲೆ ನನ್ನ ಮನೆಯಲ್ಲಿ ತಪ್ಪು ನುಸುಳುವುದಕ್ಕೆ ದಾರಿಯೇ ಇಲ್ಲವೆಂದು ನಂಬಿದ್ದೆ.

ಆದರೆ ಭಾಗ್ಯಾ ಊಟವನ್ನೇ ಬಿಟ್ಟಳು. ಅನ್ನ ಸಾರು ಎರಡು ತುತ್ತು, ಮೊಸರನ್ನ ಒಂದು ತುತ್ತು. ಪ್ರೋಟೀನು ಅಂತ ಬೇಳೆ ಕಟ್ಟು ಕುಡಿಸಿದರೆ ಮುಖ ಹಿಂಡುವಳು. "ಏನು ಬೇಕವ್ವಾ, ಹೇಳು, ಮಾಡಿಕೊಡ್ತೀನಿ," ಎಂದು ನಾನು ದಿನಾ ಕೇಳುವುದು, ಅವಳು ದಿನಾ ಒಂದೇ ಉತ್ತರ ಕೊಡುವುದು.

"ಬೇಗಲ್."

ಅದು ನಮ್ಮ ಮನೆಯವರಿಂದ ಆದದ್ದು. ಅವರು ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿ ಪ್ಯಾಂಟ್ರಿ ನೋಡಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ, ಕಾಯಿಲೆಯ ಹೆಸರು ಇನ್ನೂ ಗೊತ್ತಿಲ್ಲದಾಗ, ಪರದೇಶದವರು ಬಂದಿದ್ದ ಒಂದು ಮೀಟಿಂಗಿನಲ್ಲಿ ಉಳಿದದ್ದೊಂದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಳೆಯಂತೆ ದುಂಡಗೆ, ನಡುವೆ ತೂತು, ಮೇಲೆ ಎಳ್ಳು, ಒಳಗೆ ಬೆಳ್ಳಗೆ. ಎರಡು ತುತ್ತಿಗೆ ಸಾಕೆನ್ನುವ ಹುಡುಗಿ ಅದನ್ನು ಪೂರ್ತಿ ತಿಂದು ಬೆರಳು ನೆಕ್ಕಿದ್ದಳು. ಆಮೇಲೆ ವಾಂತಿ ಮಾಡಿಕೊಂಡಳು. ಬಿಸಿಲಿಗೆ ಅಂದುಕೊಂಡೆವು.

"ಗೋಧಿ ಇಲ್ದ ಬೇಗಲ್ ಆಗೂದಿಲ್ಲಂತ," ಎಂದು ಇವರು ಆಫೀಸಿನ ಅಡುಗೆಯವರನ್ನು ಕೇಳಿಕೊಂಡು ಬಂದು ಹೇಳಿದರು. "ಅಂಟು ಬರಬೇಕಲ್ಲ. ಹಿಟ್ಟು ನಾದಿ, ಬಳಿ ಮಾಡಿ, ಮೊದಲು ಕುದಿಯೋ ನೀರಾಗ ಬಿಟ್ಟು ತೆಗೀತಾರ, ಆಮ್ಯಾಲ ಬೇಯಸ್ತಾರ. ಜೋಳದ್ದು ಮಾಡಿದ್ರ ನೀರಾಗ ಕರಗಿ ಹೋಗ್ತದ."

"ಕರಗಿದ್ರ ಕರಗಲಿ. ನೀವು ಈಸ್ಟ್ ತಂದುಕೊಡ್ರಿ."

ಕರಗಿತು. ಮೊದಲನೆಯ ಸಲ ಪಾತ್ರೆಯ ತುಂಬ ಅಂಬಲಿ. ಎರಡನೆಯ ಸಲ ಒಲೆಯ ಮೇಲೆ ಕಲ್ಲಾಯಿತು. ಲತಾಮಣಿ ಆಂಟಿ ಬಟ್ಟೆ ಒಣಗಿಸಲು ಮಹಡಿಗೆ ಹೋಗುವಾಗ ಅಡುಗೆಮನೆಗೆ ಇಣುಕಿ ನಕ್ಕರು.

"ಏನಮ್ಮ ಇದು, ತೂತು ವಡೆ ಮಾಡೋಕೆ ಇಷ್ಟೊಂದ್ ಒದ್ದಾಟನಾ? ಉದ್ದಿನ್‌ಬೇಳೆ ರುಬ್ಬಿ ಎಣ್ಣೇಲಿ ಬಿಡು, ಐದ್ ನಿಮಿಷ."

"ಮಾಡಿ ಕೊಟ್ಟೆ ಆಂಟಿ. ಇದು ವಡೆ, ನಂಗೊತ್ತಿಲ್ವಾ ಅಂದ್ಲು."

"ಕಿಲಾಡಿ ಕಣೆ ನಿನ್ ಮಗಳು."

ನಾನು ಲಿಂಗಸುಗೂರಿನ ಕಡೆಯವಳು. ಅಂಟಿಲ್ಲದ ಜೋಳದ ಹಿಟ್ಟನ್ನು ರೊಟ್ಟಿಯಾಗಿಸುವುದು ನನಗೆ ಹತ್ತನೆಯ ವಯಸ್ಸಿಗೆ ಬಂದ ವಿದ್ಯೆ. ಕುದಿಯುವ ನೀರು ಸುರಿದು ಎಸರು ಮಾಡಿ, ಬೆರಳು ಸುಡುವಾಗಲೇ ನಾದಿದರೆ ಜೋಳ ಮಾತು ಕೇಳುತ್ತದೆ. ಹಾಗೇ ಮಾಡಿದೆ. ಅದಕ್ಕೆ ಉದ್ದಿನ ಹಿಟ್ಟು ಮತ್ತು ಸೋಯಾ ಹಿಟ್ಟು ಸೇರಿಸಿದೆ, ಪ್ರೋಟೀನಿಗೆಂದು. ಅಗಸೆ ಪುಡಿಯನ್ನು ನೀರಿನಲ್ಲಿ ನೆನೆಸಿದರೆ ಲೋಳೆಯಂತೆ ಅಂಟು ಬಿಡುತ್ತದೆ, ಅದನ್ನೂ ಹಾಕಿದೆ. ಹುಳಿ ಮೊಸರು, ಈಸ್ಟು. ಮನೆಯಲ್ಲಿ ಓವನ್ ಇರಲಿಲ್ಲ; ಕುಕ್ಕರಿನ ತಳಕ್ಕೆ ಮರಳು ಹಾಸಿ, ಗ್ಯಾಸ್ಕೆಟ್ಟು ವಿಷಲ್ಲು ತೆಗೆದು, ತಟ್ಟೆಯಲ್ಲಿಟ್ಟು ಮುಚ್ಚಿದೆ. ಆರನೆಯ ಸಲಕ್ಕೆ ಬಳೆ ಬಳೆಯಾಗಿಯೇ ಹೊರಗೆ ಬಂತು.

ಭಾಗ್ಯಾ ಅದನ್ನು ಮುರಿದು ನೋಡಿ ಪಕ್ಕಕ್ಕಿಟ್ಟಳು.

"ಇದು ಕಪ್ಪಗಿದೆ. ಬೇಗಲ್ ಒಳಗಡೆ ವೈಟ್ ಇರುತ್ತೆ."

ನಿಜ. ಬಿಳಿ ಜೋಳ ಕೊಟ್ಟರೂ ಹಿಟ್ಟು ಬೂದಿ ಬಣ್ಣಕ್ಕೆ ಬರುತ್ತಿತ್ತು. ಎನ್.ಎಸ್. ಪಾಳ್ಯದ ಹಳೇ ಊರಿನ ಗಲ್ಲಿಯಲ್ಲಿ ಹನುಮಯ್ಯನವರ ಹಿಟ್ಟಿನ ಮಿಲ್ಲು. ಮಿಲ್ಲಿನಲ್ಲಿ ಒಬ್ಬರದಾದ ಮೇಲೆ ಇನ್ನೊಬ್ಬರದನ್ನು ಸುರಿಯುತ್ತಾರೆ. ಹಿಂದಿನವರ ಒಂದು ಹಿಡಿ ನಮ್ಮದರಲ್ಲಿ, ನಮ್ಮದೊಂದು ಹಿಡಿ ಮುಂದಿನವರದರಲ್ಲಿ. ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆ ಕಡೆಯ ಹಳೆಯ ಮನೆಗಳೆಲ್ಲ ಮುದ್ದೆ ತಿನ್ನುವವರದು. ರಾಗಿಯ ಮೇಲೆ ಬಿದ್ದ ನನ್ನ ಜೋಳ ಬೆಳ್ಳಗೆ ಹೇಗೆ ಬಂದೀತು?

"ಹನುಮಯ್ಯನೋರೇ, ನಂದು ರಾಗಿ ಮ್ಯಾಲ ಹಾಕಬ್ಯಾಡ್ರಿ," ಎಂದು ಬೇಡಿಕೊಂಡೆ. "ಮಗಳಿಗೆ ಆರಾಮಿಲ್ಲ. ಬೆಳ್ಳಗಿದ್ರ ಅಷ್ಟೇ ತಿಂತಾಳ."

"ಅಯ್ಯೋ, ಅದಕ್ಯಾಕಕ್ಕ ಇಷ್ಟು ಬೇಜಾರು? ಡಬ್ಬ ಇಟ್ಟೋಗಿ. ಬಿಳೀದು ಬಿದ್ದಾಗ ಅದರ ಹಿಂದೇನೇ ನಿಮ್ದು ಹಾಕಿ ಇಡ್ತೀನಿ. ಸಂಜೆ ತಗೊಂಡೋಗಿ."

ಅಂದಿನಿಂದ ವಾರಕ್ಕೊಮ್ಮೆ ಬೆಳಿಗ್ಗೆ ಡಬ್ಬ ಇಟ್ಟು ಬರುವುದು, ಸಂಜೆ ಹೋಗಿ ತರುವುದು. ಹಿಟ್ಟು ಮಲ್ಲಿಗೆಯಂತೆ ಬಂತು. ಹಿಟ್ಟು ನಾದುವಾಗ ಮೊದಲಿಗಿಂತ ಮೆದು, ಮುರಿಯದೆ ಬಾಗುತ್ತಿತ್ತು. ಕೈ ಪಳಗಿತು ಅಂದುಕೊಂಡೆ. ಭಾಗ್ಯಾ ಒಂದು ತಿಂದಳು. ಮರುದಿನ ಎರಡು. ಮೇಲೆ ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿ ಕೊಟ್ಟರೆ ಕುಣಿದುಕೊಂಡು ತಿಂದಳು. ಶಾಲೆಯ ಡಬ್ಬಿಗೂ ಅದೇ. ಅವತ್ತು ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಾನು ಅತ್ತೆ. ಸಂತೋಷಕ್ಕೆ.

ಎರಡು ವಾರವಾಗಿರಲಿಲ್ಲ, ಹೊಟ್ಟೆನೋವು ಮತ್ತೆ ಬಂತು. ಭೇದಿ ಬಂತು. ಬಾಯಲ್ಲಿ ಹುಣ್ಣು. ತೂಕ ಈಗ ಹದಿನೈದು ಮುನ್ನೂರು.

ಕ್ಲಿನಿಕ್ಕಿನಿಂದ ಬಂದ ದಿನವೇ ನಾನು ಅವಳ ಶಾಲೆಯ ಚೀಲ ನೆಲಕ್ಕೆ ಸುರಿದೆ. ಕ್ರಾಫ್ಟ್ ಪುಸ್ತಕದ ನಡುವೆ ಕ್ರೀಮ್ ಬಿಸ್ಕೆಟ್ಟಿನ ಒಂದು ಕಾಗದ ಸಿಕ್ಕಿತು. ಬೆರಳಿನಿಂದ ಉಜ್ಜಿ ಉಜ್ಜಿ ಚಪ್ಪಟೆ ಮಾಡಿಟ್ಟದ್ದು, ಹೊಳೆಯುತ್ತಿತ್ತು.

"ಏನಿದು?"

"ಅದು ಸೌಮ್ಯಂದು. ಕ್ರಾಫ್ಟಿಗೆ ಇಟ್ಕೊಂಡಿದೀನಿ. ಸ್ಟಾರ್ ಮಾಡಕ್ಕೆ."

"ತಿಂದೀಯೇನು?"

"ಇಲ್ಲ."

"ಖರೇ ಹೇಳು ಭಾಗ್ಯಾ. ಒಂದ ತಿಂದಿದ್ರೂ ಹೇಳು, ನಾ ಬಯ್ಯಂಗಿಲ್ಲ."

"ತಿಂದಿಲ್ಲ ಅವ್ವಾ. ಬರೀ ವಾಸ್ನೆ ನೋಡ್ದೆ."

ನಾನು ಹೊಡೆದೆ. ಬೆನ್ನಿಗೆ ಒಂದೇ ಏಟು. ಅಂಗೈಗೆ ಅವಳ ಮೂಳೆಗಳು ಒಂದೊಂದಾಗಿ ತಾಗಿದವು. ಅವಳು ಅಳಲಿಲ್ಲ, ಆ ಕಾಗದವನ್ನು ಮತ್ತೆ ಪುಸ್ತಕದೊಳಗೆ ಇಟ್ಟುಕೊಂಡಳು.

ಮರುದಿನ ಶಾಲೆಗೆ ಹೋಗಿ ಕ್ಲಾಸ್ ಮಿಸ್‌ಗೆ ಹೇಳಿದೆ: ಇವಳು ಬೇರೆಯವರ ಡಬ್ಬಿಗೆ ಕೈ ಹಾಕುತ್ತಾಳೆ ಅನಿಸುತ್ತದೆ, ಕಣ್ಣಿಟ್ಟಿರಿ, ಪ್ರಾಣದ ಪ್ರಶ್ನೆ. ಒಳ್ಳೆಯ ಹುಡುಗಿ ಆ ಮಿಸ್ಸು. ಅಂದಿನಿಂದ ಊಟದ ಹೊತ್ತಿನಲ್ಲಿ ಭಾಗ್ಯಾಳನ್ನು ತನ್ನ ಮೇಜಿನ ಪಕ್ಕ ಒಬ್ಬಳನ್ನೇ ಕೂರಿಸಿದಳು. ಮಕ್ಕಳು ಅದಕ್ಕೊಂದು ಹೆಸರು ಕಂಡುಹಿಡಿದರು. "ಡಬ್ಬಿ ಕಳ್ಳಿ." ಇದನ್ನು ಅವಳು ನನಗೆ ಹೇಳಲಿಲ್ಲ. ಅವಳ ತರಗತಿಯಲ್ಲೇ ಓದುವ ಲತಾಮಣಿ ಆಂಟಿಯ ಮೊಮ್ಮಗಳು ಹೇಳಿದಳು.

"ಇರ್ಲಿ ಬಿಡಮ್ಮ, ಮಕ್ಳು ಅಂದ್ಮೇಲೆ ಆಸೆ ಪಡ್ತವೆ," ಎಂದರು ಆಂಟಿ. "ನೀನ್ ಮಾಡೋ ಆ ವಡೆಯಾದ್ರೂ ಹೊಟ್ಟೆ ತುಂಬ ಕೊಡು."

ಕೊಟ್ಟೆ. ದಿನಕ್ಕೆ ಎರಡಿದ್ದದ್ದನ್ನು ಮೂರು ಮಾಡಿದೆ. ಬೆಳಿಗ್ಗೆ ಕಾವೇರಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸುತ್ತ ಹಿಟ್ಟು ನಾದುತ್ತಿದ್ದೆ. ಇವರಿಗೆ ಡಬ್ಬಿ ಕಟ್ಟಿ, ಪಾತ್ರೆ ತೊಳೆದು, ಅವಳ ಪಕ್ಕ ಕೂತು ಚೂರು ಚೂರಾಗಿ ಬಾಯಿಗಿಡುತ್ತಿದ್ದೆ. ಅವಳಿಗೆ ಈಗ ರುಚಿ ಹೋಗಿತ್ತು. ಆದರೂ ಬೇಡ ಎನ್ನುತ್ತಿರಲಿಲ್ಲ. ಹೊಡೆತ ತಿಂದ ಮೇಲೆ ಅವಳು ಹೇಳಿದ್ದೆಲ್ಲ ಕೇಳುವ ಮಗುವಾಗಿದ್ದಳು. ನುಂಗುವಳು, ನೀರು ಕುಡಿಯುವಳು, ನುಂಗುವಳು. ಅರ್ಧ ಗಂಟೆಗೆ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಗುಬ್ಬಚ್ಚಿಯಂತೆ ಮುದುಡಿ ಮಲಗುವಳು. ಬಿಸಿನೀರಿನ ಚೀಲ ಇಡುತ್ತಿದ್ದೆ. "ಸೌಮ್ಯಾ ಏನಾರ ಕೊಟ್ಲೇನು ಇವತ್ತು?" ಎಂದು ಆಗಲೂ ಕೇಳುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗುವಳು.

ಒಂದು ಸಂಜೆ ಇವರು ಬಾಗಿಲಲ್ಲೇ ನಿಂತು, "ಮೂಗಿನ ನಳಿಗೆ ಹಾಕಿಸೂಣೇನು? ಇನ್ನ ಎಷ್ಟ ದಿನ ನೋಡೋದು?" ಎಂದರು. ನಾನು ಅವರ ಮೇಲೆ ಹರಿಹಾಯ್ದೆ. ಅವರು ಚಪ್ಪಲಿಯನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಬಿಟ್ಟರು. ಇಬ್ಬರಿಗೂ ಬೇರೆ ದಾರಿ ಕಾಣುತ್ತಿರಲಿಲ್ಲ.

ಆ ವಾರ ಮಿಲ್ಲಿಗೆ ಹೋದಾಗ ಕರೆಂಟು ಇರಲಿಲ್ಲ. ಮೂರು ಡಬ್ಬಗಳು ಸಾಲಾಗಿ ಕಾದಿದ್ದವು; ಬೆಳಿಗ್ಗೆ ಇಟ್ಟುಹೋದ ನನ್ನದು ನಡುವೆ.

"ಹತ್ತು ನಿಮಿಷಕ್ಕೆ ಬರುತ್ತೆ ಕರೆಂಟು. ಕೂತ್ಕೊಳಕ್ಕ," ಎಂದು ಹನುಮಯ್ಯ ಸ್ಟೂಲು ಒರೆಸಿ ಕೊಟ್ಟರು. ಅವರ ಹುಬ್ಬು, ಕಿವಿಯ ಕೂದಲು ಎಲ್ಲ ಹಿಟ್ಟು. ಭಾಗ್ಯಾ ಶಾಲೆಯಿಂದ ಬರಲು ಇನ್ನೂ ಹೊತ್ತಿತ್ತು. ಕೂತೆ.

ಕರೆಂಟು ಬಂತು. ಮೊದಲ ಡಬ್ಬ ರಾಗಿ. ಹನುಮಯ್ಯ ಅದನ್ನು ಮುಗಿಸಿ, ನನ್ನ ಡಬ್ಬವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಅದರ ಹಿಂದಿನದನ್ನು ಎತ್ತಿ ಮೇಲೆ ಸುರಿದರು. ಬಂಗಾರದ ಬಣ್ಣದ ಕಾಳು ಬೀಳುವ ಸದ್ದು ನನಗೆ ಕೇಳಿಸಿತು. ಆ ಸದ್ದು ಜೋಳದ್ದಲ್ಲ, ಅಕ್ಕಿಯದ್ದೂ ಅಲ್ಲ. ಕೆಳಗಿನ ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯತೊಡಗಿತು. ಚಪಾತಿಯ ವಾಸನೆ ಬಂತು. ಅದು ಮುಗಿಯುತ್ತಿದ್ದಂತೆ ಹನುಮಯ್ಯ ಬಟ್ಟೆಯ ತೋಳನ್ನು ಎರಡು ಸಲ ತಟ್ಟಿ, ಮೆಷಿನ್ನು ನಿಲ್ಲಿಸದೆಯೇ, ನನ್ನ ಜೋಳವನ್ನು ಅದರ ಬಾಯಿಗೆ ಸುರಿದರು.

ನಾನು ಎದ್ದು ನಿಂತಿದ್ದೆ. ಮೆಷಿನ್ನಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸಲಿಲ್ಲ. ಹತ್ತಿರ ಹೋಗಿ ಕಿರುಚಿದೆ.

"ಹನುಮಯ್ಯನೋರೇ! ಅದು ಗೋಧಿ ಅಲ್ಲೇನ್ರೀ?"

"ಹೂಂ ಅಕ್ಕ! ನಿಮಗೇ ಅಂತ ತಡೆದಿದ್ದು! ಅಕ್ಕಿ ಯಾರು ತರ್ತಾರೆ ಈಗ? ರಾಗಿ ಆದ್ಮೇಲೆ ಗೋಧಿ ಹಾಕಿದ್ರೆ ಕಪ್ಪೆಲ್ಲ ಅದು ಎಳ್ಕೊಂಡೋಗುತ್ತೆ. ಆಮೇಲೆ ನಿಮ್ದು!"

"ಪ್ರತಿ ಸಲಾನೂ?"

"ಒಂದ್ ಸಲಾನೂ ತಪ್ಸಿಲ್ಲ!" ಅವರ ಮುಖದಲ್ಲಿ ಎಂಥ ಅಭಿಮಾನ. "ಆವತ್ತೊಂದಿನ ಗೋಧಿ ಬರೋವರ್ಗೂ ಸಾಯಂಕಾಲ ಐದರ ತನಕ ಕಾದೆ, ನಿಮ್ ಡಬ್ಬ ಇಟ್ಕೊಂಡು. ಒಂಚೂರು ಗೋಧಿ ಸೇರಿದ್ರೆ ಒಳ್ಳೇದೇ ಅಲ್ವಾ, ಹಿಟ್ಟು ಮೆದು ಬರುತ್ತೆ. ಮಗೂಗೂ ಶಕ್ತಿ."

ಹಿಟ್ಟು ಮೆದುವಾದದ್ದು ನನ್ನ ಕೈಯಿಂದಲ್ಲ.

ಹಿಂದಿನವರ ಒಂದು ಹಿಡಿ ನಮ್ಮದರಲ್ಲಿ. ನನಗೆ ಇದು ಗೊತ್ತಿಲ್ಲದ ಸಂಗತಿಯೇ? ರಾಗಿಯ ಕಪ್ಪು ಕಣ್ಣಿಗೆ ಕಂಡಿತು, ಅದನ್ನು ಬೇಡವೆಂದೆ. ಕಾಣದ್ದನ್ನು ಕೇಳಿ ಹಾಕಿಸಿಕೊಂಡೆ. ರಾಗಿಯ ಮೇಲೆ ಬೀಸಿದ ಹಿಟ್ಟನ್ನೇ ಇಟ್ಟುಕೊಂಡಿದ್ದರೆ ಬೇಗಲ್ ಕಪ್ಪಗಿರುತ್ತಿತ್ತು, ಮಗು ಕೊಂಚ ಮುನಿಯುತ್ತಿದ್ದಳು, ಅಷ್ಟೆ. ಎರಡು ತಿಂಗಳು, ದಿನಕ್ಕೆ ಎರಡು, ಆಮೇಲೆ ಮೂರು. ಪಕ್ಕದಲ್ಲಿ ಕೂತು, ತಲೆ ಸವರುತ್ತ, ಚೂರು ಚೂರಾಗಿ.

"ಯಾಕಕ್ಕ, ಏನಾಯ್ತು? ನೀರ್ ಕುಡೀರಿ," ಎಂದು ಹನುಮಯ್ಯ ಮೆಷಿನ್ನು ನಿಲ್ಲಿಸಿ ಓಡಿ ಬಂದರು. ನಾನು ಮಿಲ್ಲಿನ ನೆಲದ ಮೇಲೆ ಕೂತಿದ್ದೆನಂತೆ. ಅವರಿಗೆ ಏನು ಹೇಳಲಿ? ಕೇಳಿದ್ದು ನಾನು. ಅವರು ಕೊಟ್ಟ ಮಾತು ಉಳಿಸಿಕೊಂಡಿದ್ದರು.

"ಏನಿಲ್ರಿ. ಮಗಳಿಗೆ ಗೋಧಿ ಆಗಂಗಿಲ್ಲ. ಅದೇ ರೋಗ. ನಾ ನಿಮಗ ಹೇಳಬೇಕಿತ್ತು."

ಹನುಮಯ್ಯ ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಬರೀ ಕಪ್ಪು ಬೇಡ ಅಂದ್ರಿ ಅಕ್ಕ," ಎಂದರು ಮೆಲ್ಲಗೆ. "ಅಷ್ಟೇ ಅಂದ್ರಿ."

ಡಬ್ಬವನ್ನು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿದ್ದ ಹಿಟ್ಟನ್ನೆಲ್ಲ ಚೆಲ್ಲಿದೆ. ಹಿಟ್ಟು ನಾದುವ ಕೊಣಮಿಗೆ, ಕುಕ್ಕರಿನ ತಟ್ಟೆ ಎಲ್ಲ ಬೂದಿ ಹಾಕಿ ಉಜ್ಜಿದೆ. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು ಅವಳಿಗಾಗಿ ಕಾದೆ. ಹೇಳದೆ ಇರಬಹುದಿತ್ತು. ಅವಳಿನ್ನೂ ಸಣ್ಣವಳು, ಮಿಲ್ಲು ಬದಲಾಯಿಸಿದರೆ ಆಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಮೂರು ವಾರದಿಂದ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು.

ಚೀಲ ಇಳಿಸಿಕೊಂಡು, ನೀರು ಕುಡಿಸಿ, ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಮಿಲ್ಲು ಹೇಗೆ ನಡೆಯುತ್ತದೆ, ಬಟ್ಟೆಯ ತೋಳಿನೊಳಗೆ ಹಿಟ್ಟು ಹೇಗೆ ಉಳಿಯುತ್ತದೆ ಎಂಬುದನ್ನೂ ಹೇಳಿದೆ. ಅವಳು ಶೂ ಲೇಸನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಹಂಗಾದ್ರೆ ನಾನು ತಿಂದಿರ್ಲಿಲ್ಲ."

"ಇಲ್ಲವ್ವಾ. ನೀ ತಿಂದಿರಲಿಲ್ಲ."

"ನೀನೇ ತಿನ್ನಿಸಿದ್ದು."

"ಹೂಂ."

"ದಿನಾ ಮೂರು."

ತಲೆ ಆಡಿಸಿದೆ. ಅವಳನ್ನು ತಬ್ಬಿಕೊಳ್ಳಲು ಹೋದರೆ ಮೊಣಕೈ ಅಡ್ಡ ಹಿಡಿದಳು.

"ಮಿಸ್‌ಗೆ ಹೇಳ್ತೀಯಾ? ಎಲ್ಲರ ಮುಂದೆ ಹೇಳ್ಬೇಕು. ಮೆಲ್ಲಗೆ ಹೇಳಿದ್ರೆ ಬೇಡ."

ಮರುದಿನ ಪ್ರಾರ್ಥನೆ ಮುಗಿದ ಮೇಲೆ ತರಗತಿಯ ಮುಂದೆ ನಿಂತು ಹೇಳಿದೆ. ನಲವತ್ತು ಮಕ್ಕಳು ನನ್ನನ್ನು ನೋಡುತ್ತಿದ್ದರು. ಭಾಗ್ಯಾ ಯಾರ ಡಬ್ಬಿಗೂ ಕೈ ಹಾಕಿಲ್ಲ, ತಪ್ಪು ಅವರಮ್ಮನದು, ನಾನು ಸುಳ್ಳು ಹೇಳಿದ್ದೆ ಎಂದೆ. ಹಿಂದಿನ ಬೆಂಚಿನ ಒಬ್ಬ ಕಿಸಕ್ಕನೆ ನಕ್ಕ. ಮಿಸ್ಸಿನ ಕಣ್ಣು ತುಂಬಿತ್ತು. ಭಾಗ್ಯಾ ಎದ್ದು, ಮೇಜಿನ ಪಕ್ಕದ ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು ಹೋಗಿ ಮೂಲೆಗಿಟ್ಟು, ಸೌಮ್ಯಾಳ ಪಕ್ಕ ಕೂತಳು. ನನ್ನ ಕಡೆ ತಿರುಗಲಿಲ್ಲ.

ಆಮೇಲಿನ ಮೂರು ವಾರ ಅವಳು ಹಿಟ್ಟಿನದು ಎನ್ನುವ ಯಾವುದನ್ನೂ ಮುಟ್ಟಲಿಲ್ಲ. ಅನ್ನ, ಮೊಸರು, ಬೇಯಿಸಿದ ಶೇಂಗಾ, ಬಾಳೆಹಣ್ಣು. ಅನ್ನದ ಅಕ್ಕಿಯನ್ನೂ ನಾನು ತೊಳೆಯುವಾಗ ಪಕ್ಕದಲ್ಲಿ ನಿಂತು ನೋಡುವಳು. ನಾನು ಬಿಳಿ ಜೋಳ ತಂದು ಕಾಳು ಕಾಳಾಗಿ ಆರಿಸಿ, ತೊಳೆದು, ಟೆರೇಸಿನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿದೆ. ಜಾರು ಬಿಸಿಯಾಗಿ ಸುಟ್ಟ ವಾಸನೆ ಬಂದಾಗ ನಿಲ್ಲಿಸುವುದು, ಬಟ್ಟೆ ಒಗೆದು ಬಂದು ಮತ್ತೆ ಶುರು ಮಾಡುವುದು. ತೆಳ್ಳನೆಯ ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಉದ್ದು, ಸೋಯಾ ಕೂಡ ಹಾಗೆಯೇ. ಎಸರಿಗೆ ಹಾಕಿ ನಾದಿ, ಅಗಸೆ ಬೆರೆಸಿ, ಬಳೆ ಮಾಡಿ, ನೀರಿನಲ್ಲಿ ಬಿಟ್ಟು, ಕುಕ್ಕರಿನಲ್ಲಿ ಬೇಯಿಸಿದೆ. ಈ ಸಲ ಅಂಚು ಬಿರಿಯಿತು, ಮೊದಲಿನ ಮೆದು ಇರಲಿಲ್ಲ. ದಿನಾ ಎರಡು ಮಾಡಿ ತಟ್ಟೆಯಲ್ಲಿಟ್ಟೆ. ಅವಳು ನೋಡಿ, "ಬೇಡ," ಎನ್ನುವಳು. ಸಂಜೆ ಅದನ್ನು ಇವರು ಚಹಾದಲ್ಲಿ ಅದ್ದಿ ತಿನ್ನುವರು.

"ನಾನರ ದಪ್ಪ ಆಗ್ತೀನಿ ತಗೋ," ಎಂದು ನಗಿಸಲು ನೋಡಿದರು. ಅವಳು ನಗಲಿಲ್ಲ.

ಹೊಟ್ಟೆನೋವು ನಿಂತಿತ್ತು. ಆದರೆ ತಿನ್ನುವುದು ಇಷ್ಟೇ ಆದರೆ ತೂಕ ಏರುವುದೆಲ್ಲಿಂದ?

ಅಕ್ಟೋಬರಿನ ಆ ಶನಿವಾರ ನಾವಿಬ್ಬರೇ ಜಯನಗರಕ್ಕೆ ಹೋದೆವು. ಇವರಿಗೆ ರಜೆ ಸಿಗಲಿಲ್ಲ. ತೂಕದ ಯಂತ್ರದ ಮೇಲೆ ಅವಳು ಹತ್ತುವಾಗ ನಾನು ಕಣ್ಣು ಮುಚ್ಚಿಕೊಂಡೆ.

"ಹದಿನೈದು ಐನೂರು," ಎಂದಳು ನರ್ಸು.

ಡಾಕ್ಟರಿಗೆ ಮಿಲ್ಲಿನ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ನಾನು ಇಂಗಿನವರೆಗೆ ಯೋಚನೆ ಮಾಡಿದ್ದೆ. ಮಿಲ್ಲು ನನಗೂ ಹೊಳೀಲಿಲ್ಲ," ಎಂದರು. "ಇನ್ನೂರು ಗ್ರಾಂ ಏನೂ ಅಲ್ಲ, ತಿಳ್ಕೊಳ್ಳಿ. ಆದ್ರೆ ಇಳಿದಿಲ್ಲ. ಟ್ಯೂಬು ಇನ್ನೊಂದು ತಿಂಗಳು ಮುಂದಕ್ಕೆ ಹಾಕೋಣ. ಇವಳು ತಿನ್ನಬೇಕು. ಬರೀ ಮೊಸರನ್ನದಲ್ಲಿ ಈ ಮೈ ತುಂಬಲ್ಲ."

"ತಿನ್ನಂಗಿಲ್ರಿ ಸರ್. ನನ್ನ ಕೈಯಿಂದ ತಿನ್ನಂಗಿಲ್ಲ."

ಡಾಕ್ಟರು ಭಾಗ್ಯಾಳನ್ನು ನೋಡಿದರು. ಅವಳು ಕ್ಯಾಲೆಂಡರು ನೋಡಿದಳು.

ಹೊರಗೆ ಬಿಸಿಲು. ಬಸ್ ಸ್ಟಾಪಿನ ಪಕ್ಕದ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಅವಳ ಕೈ ಹಿಡಿದು ಬೇಗ ಬೇಗ ದಾಟಿಸಿದೆ. ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಅವಳು, "ಹಸಿವಾಗ್ತಿದೆ," ಎಂದಳು.

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವಳ ಮುಖ ನೋಡಿದೆ. ಆ ಮಾತನ್ನು ಅವಳ ಬಾಯಲ್ಲಿ ಯಾವಾಗ ಕೇಳಿದ್ದೆನೋ ನೆನಪಿಲ್ಲ. ಕೊಡಲು ಏನಿದೆ? ಮೊಸರನ್ನದ ಡಬ್ಬಿ ಕ್ಲಿನಿಕ್ಕಿನಲ್ಲಿ ಕಾಯುವಾಗಲೇ ಮುಗಿದಿತ್ತು. ಎದುರಿನ ದರ್ಶಿನಿಯ ಇಡ್ಲಿಯಲ್ಲಿ ರವೆ ಇರಬಹುದು, ಸಾಂಬಾರಿನಲ್ಲಿ ಇಂಗು. ಹಣ್ಣಿನ ಗಾಡಿ ಕಣ್ಣಿಗೆ ಬೀಳಲಿಲ್ಲ. ಚೀಲದ ತಳದಲ್ಲಿ ಬೆಳಿಗ್ಗೆಯ ಬೇಗಲ್ ಇತ್ತು, ಇವರಿಗೆಂದು ಕಟ್ಟಿ ಕೊಡಲು ಮರೆತದ್ದು. ಹೆದರುತ್ತಲೇ ಹೊರಗೆ ತೆಗೆದೆ.

ಅವಳು ಅದನ್ನು ಮುಟ್ಟದೆ ನೋಡಿದಳು.

"ಎಲ್ಲಿ ಬೀಸಿದ್ದು?"

"ಮನ್ಯಾಗ. ಮಿಕ್ಸಿದಾಗ."

"ಜೋಳ ಯಾರು ಆರಿಸಿದ್ದು?"

"ನಾನ."

"ಎಲ್ಲಾ ಕಾಳು ನೋಡಿದ್ಯಾ?"

"ಎಲ್ಲಾ ಕಾಳು."

ಅವಳು ಅದನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗಿಟ್ಟಳು. "ಮೊದ್ಲು ನೀನು ತಿನ್ನು." ನಾನು ಬಾಯಿಗೆ ಹಾಕಿಕೊಂಡೆ. ಅವಳು ನೋಡುತ್ತಲೇ ಇದ್ದು, ಆಮೇಲೆ ಹುಬ್ಬು ಗಂಟಿಕ್ಕಿದಳು. "ಅಯ್ಯೋ, ನೀನು ತಿಂದ್ರೆ ಏನ್ ಗೊತ್ತಾಗುತ್ತೆ? ನಿಂಗೆ ಗೋಧಿ ಆಗುತ್ತಲ್ಲ."

"ಹೌದಲ್ಲ," ಎಂದೆ. ಬಾಯಲ್ಲಿದ್ದುದು ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ.

ನಮ್ಮ ಬಸ್ಸು ಬಂತು. ಕಂಡಕ್ಟರು "ಬಿಟಿಎಂ, ಬಿಟಿಎಂ" ಎಂದು ಕೂಗಿದ. ನಾನು ಏಳಲಿಲ್ಲ. ಭಾಗ್ಯಾ ತನ್ನ ತುಂಡಿನ ಅಂಚಿನಿಂದ ಉಗುರಿನಷ್ಟು ಮುರಿದು ನಾಲಿಗೆಯ ಮೇಲಿಟ್ಟುಕೊಂಡಳು. ಅಗಿಯಲಿಲ್ಲ. ಆಮೇಲೆ ಅಗಿದಳು.

"ಗಟ್ಟಿ ಇದೆ," ಎಂದಳು.

"ಹೂಂ ಅವ್ವಾ. ಇನ್ಮ್ಯಾಲ ಹಂಗೇ ಇರ್ತದ."

ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಎದುರಿನ ರಸ್ತೆ ನೋಡುತ್ತ, ಇನ್ನೊಂದು ಚೂರು ಮುರಿದಳು.